ತೋಟಪ್ಪನ ದನಿ

ನದಿಯ ದಂಡೆಯ ಮೇಲೊಂದು ಚಿಕ್ಕ ಮಠ. ಅಲ್ಲಿ ರುದ್ರಮುನಿಗಳು ಭಜನೆಯ ಹಾಡು ಕಲಿಸುತ್ತಿದ್ದರು.

ಶಿಷ್ಯರಲ್ಲಿ ತೋಟಪ್ಪನ ದನಿಯೇ ದನಿ. ಅವನು ಹಾಡಲು ಕೂತರೆ ದೋಣಿಯವರು ಹುಟ್ಟು ಹಾಕುವುದನ್ನೇ ಮರೆಯುತ್ತಿದ್ದರು.

ನಲವತ್ತೆರಡನೆಯ ವಯಸ್ಸಿಗೆ ಆ ದನಿ ಒಡೆಯಿತು.

"ನೆಗಡಿ," ಎಂದ ತೋಟಪ್ಪ. ಮೂರು ತಿಂಗಳಾದರೂ ದನಿ ತಿರುಗಿ ಬರಲಿಲ್ಲ. ಅನ್ನ ನುಂಗುವಾಗ ಕಿವಿಯವರೆಗೆ ನೋವು ಏರತೊಡಗಿತು.

ಗುರುಗಳು ಗದರಿಸಿ ಅವನನ್ನು ಪಟ್ಟಣದ ಆಸ್ಪತ್ರೆಗೆ ಕಳಿಸಿದರು. ಕೆಲವು ದಿನಗಳ ಮೇಲೆ ಅವನು ಬಂದು ಅವರ ಮುಂದೆ ಕೂತ.

"ಗಂಟಲಲ್ಲಿ ಕ್ಯಾನ್ಸರ್ ಅಂತೆ. ಧ್ವನಿಪೆಟ್ಟಿಗೆ ತೆಗೀಬೇಕಂತೆ."

ಗುರುಗಳು ಕೈಯಲ್ಲಿದ್ದ ತಾಳ ಕೆಳಗಿಟ್ಟರು.

"ನಾನೇನು ಪಾಪ ಮಾಡಿದ್ದೆ, ಗುರುಗಳೇ? ಇದು ಯಾವ ಜನ್ಮದ ಕರ್ಮ?"

"ಡಾಕ್ಟರು ಏನು ಕೇಳಿದರು?"

"ಬೀಡಿ ಸೇದ್ತೀಯಾ ಅಂದರು. ಇಪ್ಪತ್ತು ವರ್ಷದಿಂದ ಅಂದೆ. ಕುಡೀತೀಯಾ ಅಂದರು. ಹಾಡು ಮುಗಿದ ಮೇಲೆ ದಿನಾ ಒಂದಿಷ್ಟು ಅಂದೆ. ಎರಡೂ ಸೇರಿದರೆ ಅಪಾಯ ಎಷ್ಟೋ ಪಟ್ಟು ಹೆಚ್ಚು ಅಂದರು."

"ಹಾಗಾದರೆ ಕರ್ಮ ಅನ್ನಬೇಡ. ಬೀಡಿ ಅನ್ನು. ಹೆಂಡ ಅನ್ನು."

ತೋಟಪ್ಪನಿಗೆ ಸಿಟ್ಟು ಬಂತು. "ನೀವೂ ಸೇದಿದಿರಲ್ಲ! ನನಗೆ ಮೊದಲ ಬೀಡಿ ಕೊಟ್ಟವರೇ ನೀವು. ಗಂಟಲು ಬಿಚ್ಚುತ್ತೆ ಅಂದಿರಿ. ನಿಮಗೇಕೆ ಬರಲಿಲ್ಲ?"

ಗುರುಗಳು ನದಿಯ ಕಡೆ ಮುಖ ತಿರುಗಿಸಿದರು.

"ಗೊತ್ತಿಲ್ಲ," ಎಂದರು. "ನನ್ನ ಗುರು ನನಗೆ ಹಾಗೇ ಹೇಳಿದ್ದರು. ನಾನು ನಿನಗೆ ಹೇಳಿದೆ. ಅವರು ಯಾವುದರಿಂದ ಸತ್ತರು ಅಂತ ನಾನು ಕೇಳಲೇ ಇಲ್ಲ."

ಅಂದು ಸಂಜೆ ಅವರು ಶಿಷ್ಯರನ್ನೆಲ್ಲ ಕೂಡಿಸಿದರು. "ಬೀಡಿಯಿಂದ ಗಂಟಲು ಬಿಚ್ಚುತ್ತೆ ಅಂತ ಹೇಳಿದ್ದು ಸುಳ್ಳು. ಸೇದುವವರು ಇವತ್ತೇ ಬಿಡಿ," ಎಂದರು.

ಎಲ್ಲರೂ ತಲೆಯಾಡಿಸಿದರು. ಮರುದಿನ ಮಠದ ಹಿತ್ತಲಲ್ಲಿ ಬೀಡಿ ಹೊಗೆ ಏಳುತ್ತಲೇ ಇತ್ತು.

ಎರಡು ತಿಂಗಳ ಮೇಲೆ ತೋಟಪ್ಪ ಮಠಕ್ಕೆ ಬಂದ. ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ಬಿಳಿ ಬಟ್ಟೆ. ಕೈಯಲ್ಲಿ ಸ್ಲೇಟು.

ಭಜನೆ ಶುರುವಾಯಿತು. ಅಭ್ಯಾಸಬಲದಿಂದ ಅವನ ತುಟಿ ಅಲುಗಿತು. ಬಟ್ಟೆ ಮಾತ್ರ ಉಬ್ಬಿ ಇಳಿಯಿತು.

ಎಲ್ಲರೂ ಎದ್ದು ಹೋದ ಮೇಲೆ ಅವನು ಸ್ಲೇಟಿನ ಮೇಲೆ ಬರೆದು ಗುರುಗಳ ಮುಂದೆ ಹಿಡಿದ.

"ನನ್ನ ದನಿ ನಿಮಗೆ ನೆನಪಿದೆಯಾ?"

ಗುರುಗಳು ಓದಿದರು. ಮತ್ತೊಮ್ಮೆ ಓದಿದರು.

"ನೆನಪಿದೆ, ತೋಟಪ್ಪ. ಆದರೆ ನನಗೆ ಎಂಬತ್ತಾಯಿತು. ನಾನು ಹೋದರೆ ಆ ನೆನಪೂ ಹೋಗುತ್ತೆ."