ಮಾದೇಶ ಕಾಲು ನಿಲ್ಲಿಸಿದ ಮೂರು ಜಾಗ

ಕಪಿಲಾ ನದಿಯ ದಂಡೆಯಲ್ಲಿ ಚೌರಪ್ಪ ಮೇಷ್ಟ್ರ ಹೆಂಚಿನ ಮನೆ. ಗಿಟಾರ್ ಕಲಿಯಲು ಬರುವವರೆಲ್ಲ ಅದನ್ನು ಆಶ್ರಮ ಎನ್ನುತ್ತಿದ್ದರು. ಅಲ್ಲಿ ಫ್ಯಾನ್ ಇರಲಿಲ್ಲ, ಕುರ್ಚಿ ಇರಲಿಲ್ಲ, ಮಜ್ಜಿಗೆ ಮಾತ್ರ ಧಾರಾಳವಾಗಿತ್ತು.

ಒಂದು ಬೆಳಿಗ್ಗೆ ಶಿಷ್ಯ ಯದುನಂದನ ಬೈಕಿನಲ್ಲಿ ಬಂದಿಳಿದ. ಬೆನ್ನಿಗೆ ಗಿಟಾರ್, ಕೈಯಲ್ಲಿ ಫೋನು, ಜೇಬಿನಲ್ಲಿ ಮಡಿಸಿದ ಒಂದು ಚೀಟಿ. ಆ ಸೀಮೆಯಲ್ಲಿ ಅವನಷ್ಟು ವೇಗವಾಗಿ ಗಿಟಾರ್ ನುಡಿಸುವವರು ಇನ್ನೊಬ್ಬರಿರಲಿಲ್ಲ. ಇದನ್ನು ಯಾರೂ ಅವನಿಗೆ ಹೇಳಬೇಕಾಗಿರಲಿಲ್ಲ. ಅವನೇ ಎಲ್ಲರಿಗೂ ಹೇಳುತ್ತಿದ್ದ.

ಮೇಷ್ಟ್ರು ಜಗಲಿಯಲ್ಲಿ ಕೂತು ಹಳೆಯ ಗಿಟಾರಿನ ತಂತಿ ಬದಲಿಸುತ್ತಿದ್ದರು.

"ಮೇಷ್ಟ್ರೇ, ಮಾದೇಶನ್ನ ಬ್ಯಾಂಡಿಂದ ತೆಗೀತಾ ಇದ್ದೀನಿ" ಎಂದ ಯದು.

ಮಾದೇಶ ಯದುವಿನ 'ಜಗಜಟ್ಟಿ' ಬ್ಯಾಂಡಿನ ಡ್ರಮ್ಮರ್. ಹಗಲು ಪಂಚರ್ ಅಂಗಡಿಯಲ್ಲಿ ದುಡಿದು ಸಂಜೆ ಡ್ರಮ್ಸ್ ಬಾರಿಸುತ್ತಿದ್ದ. ಐದು ವರ್ಷದ ಹಿಂದೆ ಇಬ್ಬರನ್ನೂ ಇದೇ ಜಗಲಿಯಲ್ಲಿ ಎದುರುಬದುರು ಕೂರಿಸಿದವರು ಮೇಷ್ಟ್ರೇ. ಅದಕ್ಕೇ ಯದು ಒಂದು ಮಾತು ಕೇಳಲು ಬಂದಿದ್ದ. ಕೇಳಲು ಅನ್ನುವುದಕ್ಕಿಂತ ಹೇಳಲು ಅನ್ನಬೇಕು.

"ಏನ್ ತಪ್ಪು ಮಾಡ್ದ?"

"ರಾಕ್ ಬಾರಿಸ್ತಾನೆ."

"ಕಳ್ಳತನ ಏನೂ ಮಾಡಿಲ್ವಲ್ಲ?"

"ತಮಾಷೆ ಅಲ್ಲ ಮೇಷ್ಟ್ರೇ. ನಮ್ಮದು ಪವರ್ ಮೆಟಲ್."

"ಎರಡಕ್ಕೂ ಏನು ವ್ಯತ್ಯಾಸ ಹೇಳಪ್ಪ. ನಂಗೆ ವಯಸ್ಸಾಯ್ತು, ಮರ್ತೋಗುತ್ತೆ."

ಮೇಷ್ಟ್ರು ಮೂವತ್ತು ವರ್ಷ ವೇದಿಕೆಯ ಮೇಲೆ ರಾಕ್ ನುಡಿಸಿದವರು. ಅದು ಯದುವಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಚಕ್ಕಳಮಕ್ಕಳ ಹಾಕಿಕೊಂಡು ಪಾಠ ಹೇಳಲು ಕೂತ.

"ರಾಕ್ ನಡೆಯುತ್ತೆ, ಪವರ್ ಮೆಟಲ್ ಕುದುರೆ ಥರ ಓಡುತ್ತೆ. ರಾಕಲ್ಲಿ ಡ್ರಮ್ಮರು ಒಂದು ಕಾಲಲ್ಲಿ ಆರಾಮಾಗಿ ದೊಡ್ಡ ಡ್ರಮ್ಮಿನ ಪೆಡಲ್ ಒತ್ತಿದ್ರೆ ಸಾಕು. ನಮ್ಮಲ್ಲಿ ಎರಡು ಕಾಲೂ ಬಿಡದೆ ಓಡ್ತಾ ಇರಬೇಕು. ರಾಕಲ್ಲಿ ಹುಡುಗಿ ಬಿಟ್ಟೋದ್ಲು ಅಂತ ಹಾಡ್ತಾರೆ. ನಾವು ಯುದ್ಧ, ಕತ್ತಿ, ಕೋಟೆ ಅಂತ ಹಾಡ್ತೀವಿ. ನಾನು ಸೆಕೆಂಡಿಗೆ ಹನ್ನೆರಡು ಸ್ವರ ನುಡಿಸ್ತೀನಿ."

"ಕೇಳೋರಿಗೆ ಎಷ್ಟು ಸಿಗುತ್ತೆ?"

ಯದು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಅಷ್ಟು ಕೈಚಳಕ ಇಲ್ಲದೋರು ರಾಕ್ ಮಾಡ್ಕೊಂಡಿರ್ಲಿ, ನಾನು ಬೇಡ ಅನ್ನಲ್ಲ. ಗಡಿ ದಾಟಿ ಈ ಕಡೆ ಬರಬಾರದು ಅಷ್ಟೇ."

ನಾಳಿದ್ದು ಮೈಸೂರಿನಲ್ಲಿ ಎಂಟು ಬ್ಯಾಂಡುಗಳ ಸ್ಪರ್ಧೆ. ಗೆದ್ದವರ ಹಾಡುಗಳನ್ನು ಒಳ್ಳೆಯ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸಿಕೊಡುತ್ತಾರೆ. ಯದು ಇದಕ್ಕಾಗಿ ಐದು ವರ್ಷ ಕಾದಿದ್ದ. ವೇದಿಕೆಯ ಬೋರ್ಡಿನಲ್ಲಿ 'ಜಗಜಟ್ಟಿ' ಅನ್ನುವುದರ ಕೆಳಗೆ ಯಾವ ಬಗೆಯ ಸಂಗೀತ ಎಂದು ಬರೆಸಬೇಕು, ತಿಳಿಸಿ ಎಂದು ಸ್ಪರ್ಧೆಯವರು ಕೇಳಿದ್ದರು. ಹೊಸ ಡ್ರಮ್ಮರ್ ಒಬ್ಬನನ್ನು ಗೊತ್ತು ಮಾಡಿಯೂ ಆಗಿತ್ತು. ಅವನ ಕಾಲುಗಳು ಹೊಲಿಗೆ ಮೆಷಿನ್ನಿನ ಹಾಗೆ ಓಡುತ್ತಿದ್ದವು.

ಮಾದೇಶನಿಗೆ ಮೆಸೇಜೂ ತಯಾರಿತ್ತು. 'ನಾಳಿದ್ದು ನೀನು ಬರೋದು ಬೇಡ. ಬೇರೆಯವರು ಬರ್ತಾರೆ.' ಕಳಿಸುವುದೊಂದೇ ಬಾಕಿ.

"ಹೊಸಬ ನಿನ್ನ ಜೊತೆ ಓಡ್ತಾನಾ?" ಮೇಷ್ಟ್ರು ಕೇಳಿದರು.

"ನಾನು ಎಷ್ಟು ಓಡಿದ್ರೂ ಓಡ್ತಾನೆ."

"ಒಳ್ಳೇದಾಯ್ತು. ಬಿದ್ರೆ ಇಬ್ರೂ ಒಂದೇ ಹಳ್ಳಕ್ಕೆ ಬೀಳ್ತೀರ."

ಯದುವಿಗೆ ರೇಗಿತು. ಜೇಬಿನಿಂದ ಚೀಟಿ ತೆಗೆದ.

"ನಾನು ಸುಮ್ಸುಮ್ನೆ ದೂರ್ತಾ ಇಲ್ಲ ಮೇಷ್ಟ್ರೇ. ಹೋದ ತಿಂಗಳ ಶೋದು ವಿಡಿಯೋ ಇದೆ. ಮೂರು ಕಡೆ ಅವನು ಕಾಲು ನಿಲ್ಲಿಸಿ ಬರೀ ರಾಕ್ ಏಟು ಹಾಕಿದ್ದಾನೆ. ಯಾವ ನಿಮಿಷ, ಯಾವ ಸೆಕೆಂಡು ಅಂತ ಬರ್ಕೊಂಡ್ ಬಂದಿದ್ದೀನಿ."

ಮೇಷ್ಟ್ರು ಕನ್ನಡಕ ಹಾಕಿಕೊಂಡು ವಿಡಿಯೋ ನೋಡಿದರು. ಯದು ವೇದಿಕೆಯ ಮುಂಚೂಣಿಯಲ್ಲಿ ಕಾಲು ಅಗಲಿಸಿ ನಿಂತು ತಲೆಗೂದಲು ಬೀಸುತ್ತಿದ್ದ.

"ಮಾದೇಶ ಎಲ್ಲಿ?"

"ಹಿಂದೆ ಇದ್ದಾನಲ್ಲ."

"ನೀನು ಅಡ್ಡ ನಿಂತಿದ್ದೀಯ. ಅವನ ಮೊಣಕೈ ಒಂದು ಕಾಣುತ್ತೆ."

ಅವರು ಎದ್ದು ಒಳಗೆ ಹೋಗಿ ಒಂದು ಖಾಲಿ ಎಣ್ಣೆ ಡಬ್ಬ, ಒಂದು ಮರದ ಸೌಟು ತಂದರು.

"ಹಾಡು ಹಾಕು. ಮಾದೇಶನ ಏಟಿನ ಜೊತೆ ಡಬ್ಬ ತಟ್ತಾ ಹೋಗು. ನೀನು ಬರೆದಿರೋ ಜಾಗ ಬಂದಾಗ ಹಾಡು ಏನ್ ಬೇಕಾದ್ರೂ ಆಗ್ಲಿ, ನಿನ್ನ ಕೈ ಮಾತ್ರ ಮೊದಲಿನ ನಡೆಯಲ್ಲೇ ಇರ್ಲಿ. ಅಷ್ಟು ಮಾಡಿ ಆಮೇಲೆ ಮೆಸೇಜು ಕಳಿಸು. ನಾನು ಅಡ್ಡ ಬರಲ್ಲ."

"ಇದು ಮಕ್ಕಳಾಟ ಮೇಷ್ಟ್ರೇ."

"ಮಕ್ಕಳು ಮಾಡ್ತಾರೆ. ನೀನು ಮಾಡು ನೋಡೋಣ."

ಯದು ತಟ್ಟತೊಡಗಿದ. ಮೊದಲನೆಯ ಜಾಗ ಬಂತು. ಅವನ ಕೈ ತನ್ನದೇ ಗಿಟಾರಿನ ಹಿಂದೆ ಓಡಿತು.

"ಓಡ್ತು" ಎಂದರು ಮೇಷ್ಟ್ರು.

"ಈ ಡಬ್ಬ ಅಲ್ಲಾಡುತ್ತೆ ಮೇಷ್ಟ್ರೇ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇನ್ನೊಂದ್ ಸಲ."

ಇನ್ನೊಂದು ಸಲವೂ ಓಡಿತು. ಮತ್ತೊಂದು ಸಲವೂ. ಆರು ಸಲ ಹಾಗೇ ಆಯಿತು. ಸೆಕೆಂಡಿಗೆ ಹನ್ನೆರಡು ಸ್ವರ ನುಡಿಸುವ ಕೈಗೆ ಸೆಕೆಂಡಿಗೆ ಮೂರು ಏಟನ್ನು ಒಂದೇ ಸಮ ಹಾಕಲು ಬರಲಿಲ್ಲ. ಯದುವಿಗೆ ಮೈಯೆಲ್ಲ ಉರಿಯಿತು. ಎದ್ದು ಹೋಗಬೇಕೆನಿಸಿತು. ಆದರೆ ಸೋತು ಹೋಗುವ ಜಾಯಮಾನ ಅವನದಲ್ಲ.

ಏಳನೆಯ ಸಲ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ತಟ್ಟಿದ. ಕೈ ಮೊದಲಿನ ನಡೆಯಲ್ಲೇ ಉಳಿಯಿತು.

ಆಗ ಕೇಳಿಸಿತು.

ಡಬ್ಬವೂ ಡ್ರಮ್ಮೂ ಜೊತೆಜೊತೆಗೇ ಇದ್ದವು. ಗಿಟಾರ್ ಒಂದೇ ಮುಂದೆ ಮುಂದೆ ಜಾರುತ್ತಿತ್ತು. ಮಾದೇಶ ಕಾಲಿನ ಓಟ ನಿಲ್ಲಿಸಿ, ದಾರಿ ತಪ್ಪಿದವರನ್ನು ಕೂಗಿ ಕರೆಯುವ ಹಾಗೆ, ಬಿಡಿಬಿಡಿಯಾಗಿ ನಾಲ್ಕು ದೊಡ್ಡ ಏಟು ಹಾಕಿದ. ಗಿಟಾರ್ ಬಂದು ಸೇರಿಕೊಂಡಿತು. ಅದು ಸೇರಿದ ಮೇಲೆಯೇ ಮಾದೇಶನ ಎರಡು ಕಾಲೂ ಮತ್ತೆ ಓಡಿದವು. ವಿಡಿಯೋದಲ್ಲಿ ಜನ ಶಿಳ್ಳೆ ಹೊಡೆದರು.

ಯದು ಸೌಟು ಕೆಳಗಿಟ್ಟ.

"ತಾಳ ತಪ್ಪಿದ್ದು ನಾನು" ಎಂದ.

ಮೇಷ್ಟ್ರು ಫೋನನ್ನು ಅವನ ಕಡೆ ಸರಿಸಿದರು.

"ಅವನು ನಿಲ್ಲಿಸಿ ನನ್ನ ಕರ್ಕೊಂಡು ಬಂದಿದ್ದಾನೆ."

"ಎರಡನೇದು ಹಾಕು."

ಎರಡನೆಯ ಜಾಗದಲ್ಲೂ ಅದೇ ಕಥೆ. ಆ ಶಿಳ್ಳೆಯೆಲ್ಲ ತನ್ನೊಬ್ಬನಿಗೇ ಎಂದು ತಿಂಗಳುದ್ದಕ್ಕೂ ಬೀಗಿದ್ದು ಯದುವಿಗೆ ನೆನಪಾಯಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಮೂರನೇದು."

ಯದು ಹೆದರುತ್ತಲೇ ಹಾಕಿದ. ಡಬ್ಬ ತಟ್ಟಿದ. ಇಲ್ಲಿ ಡಬ್ಬ, ಡ್ರಮ್ಮು, ಗಿಟಾರು ಮೂರೂ ಒಟ್ಟಿಗಿದ್ದವು.

"ಇಲ್ಲಿ ನಾನು ಸರಿಯಾಗೇ ಇದ್ದೀನಿ ಮೇಷ್ಟ್ರೇ! ಕೂದಲೆಳೆಯಷ್ಟೂ ತಪ್ಪಿಲ್ಲ!"

"ಹೂಂ. ಚೆನ್ನಾಗಿ ನುಡಿಸಿದ್ದೀಯ."

ಐದು ವರ್ಷದಲ್ಲಿ ಈ ಮಾತು ಆ ಬಾಯಿಂದ ಎರಡನೆಯ ಸಲ ಬಂದದ್ದು. ಯದುವಿಗೆ ಖುಷಿಯಾಯಿತು, ಒಡನೆಯೇ ಅನುಮಾನವೂ ಬಂತು.

"ಹಾಗಾದ್ರೆ ಇಲ್ಲಿ ಅವನು ಯಾಕೆ ಕಾಲು ನಿಲ್ಲಿಸ್ದ?"

"ಇನ್ನೊಂದ್ ಸಲ ಹಾಕು. ಈ ಸಲ ತಟ್ಟಬೇಡ. ಕೇಳು."

ಇಬ್ಬರೂ ಕೇಳಿದರು. ಕಾಲಿನ ಗುಡುಗು ನಿಂತಿತು. ಅದರ ಅಡಿಯಲ್ಲಿ ಮುಚ್ಚಿಹೋಗುತ್ತಿದ್ದ ಗಿಟಾರ್ ಮೇಲೆ ಬಂತು. ಅದು ಯದು ಇದೇ ಜಗಲಿಯಲ್ಲಿ ಕಟ್ಟಿದ ರಾಗ. ಒಂದೊಂದು ಸ್ವರವೂ ಬಿಡಿಸಿಟ್ಟ ಹಾಗೆ ಕೇಳಿಸಿತು. ಅದು ಮುಗಿಯುವವರೆಗೆ ಮಾದೇಶ ಮೆಲ್ಲಗೆ ಏಟು ಹಾಕುತ್ತಾ ಕಾದಿದ್ದ.

"ಹನ್ನೆರಡಕ್ಕೆ ಹನ್ನೆರಡೂ ಸಿಕ್ತು" ಎಂದರು ಮೇಷ್ಟ್ರು.

ಯದುವಿನ ಕಣ್ಣು ತುಂಬಿ ಬಂತು. ಅದನ್ನು ಅವನು ಮುಚ್ಚಿಡಲಿಲ್ಲ.

"ಒಂದು ತಿಂಗಳಾಯ್ತು. ಅವನು ಈ ವಿಷಯ ಒಂದು ಮಾತೂ ಹೇಳ್ಲಿಲ್ವಲ್ಲ ಮೇಷ್ಟ್ರೇ."

"ಹೇಳಿದ್ದಾನಲ್ಲ, ಮೂರು ಸಲ. ನೀನೇ ಬರ್ಕೊಂಡ್ ಬಂದಿದ್ದೀಯ."

ಯದು ಮೆಸೇಜು ಅಳಿಸಿದ. ಹೊಸಬನಿಗೆ ಫೋನು ಮಾಡಿ, ತಪ್ಪು ತನ್ನದೇ ಎಂದು ಹೇಳಿ ಕ್ಷಮೆ ಕೇಳಿದ. ಆಮೇಲೆ ಮಾದೇಶನಿಗೆ ಮಾಡಿದ. ಆ ಕಡೆಯಿಂದ ಟೈರಿಗೆ ಗಾಳಿ ತುಂಬುವ ಸದ್ದು ಕೇಳುತ್ತಿತ್ತು.

"ಮಾದ, ಸಂಜೆ ನಾಲ್ಕಕ್ಕೆ ಬಾರೋ. ಮೂರು ಜಾಗ ಇದೆ, ಅಲ್ಲಿಂದ ಶುರು ಮಾಡೋಣ."

"ಯಾವ ಮೂರು ಜಾಗ?"

"ನಿಂಗೆ ಗೊತ್ತು."

ಗಾಳಿಯ ಸದ್ದು ನಿಂತಿತು. ಮಾದೇಶ ಜೋರಾಗಿ ನಕ್ಕುಬಿಟ್ಟ.

"ಅಂತೂ ಕೇಳಿಸ್ತಾ ನಿಂಗೆ? ಬರ್ತೀನಿ ಬಿಡು. ಆದ್ರೆ ಮೊದಲೆರಡು ಜಾಗ ನೀನೇ ಸರಿ ಮಾಡ್ಕೊಬೇಕು. ಮೂರನೇದು ನಾನು ಬದಲಾಯಿಸಲ್ಲ."

"ಬದಲಾಯಿಸಬೇಡ ಕಣೋ" ಎಂದ ಯದು. ಅವನ ದನಿಯಲ್ಲಿ ಹಳೆಯ ಗತ್ತು ಮರಳಿ ಬಂದಿತ್ತು. "ಈ ಸಲ ಗೆಲ್ಲೋದು ನಾವೇ."

ಗಿಟಾರನ್ನು ಬೆನ್ನಿಗೆ ಏರಿಸಿ, ಮಜ್ಜಿಗೆ ಕುಡಿದು, ಬೈಕು ಹತ್ತಿದ. ಕಿಕ್ ಹೊಡೆಯುವ ಮುನ್ನ ಏನೋ ನೆನಪಾಗಿ ತಿರುಗಿದ.

"ಮೇಷ್ಟ್ರೇ, ಬೋರ್ಡಿಗೆ ಇವತ್ತೇ ಹೇಳ್ಬೇಕಂತೆ. ಪವರ್ ಮೆಟಲ್ ಅಂತ ಬರೆಸ್ಲಾ, ರಾಕ್ ಅಂತ ಬರೆಸ್ಲಾ?"

ಮೇಷ್ಟ್ರು ಹೊಸ ತಂತಿಯನ್ನು ಬಿಗಿದು ಒಮ್ಮೆ ಮೀಟಿ ನೋಡಿದರು.

"ಏನಾದ್ರೂ ಬರೆಸ್ಕೊ. ನಾಳಿದ್ದು ಮಾತ್ರ ಮಾದೇಶ ಕಾಣೋ ಹಾಗೆ ನಿಂತ್ಕೊ."