ಶಹನಾಯಿಯವನ ಹಲ್ಲು

"ಗುರುಗಳೇ, ಜನರೇ ಮೆಚ್ಚಿಕೊಂಡ ದೋಷವನ್ನೂ ತಿದ್ದಿಕೊಳ್ಳಬೇಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಶಹನಾಯಿ ವಾದಕನಿದ್ದ. ನಡುವಯಸ್ಸಿನಲ್ಲಿ ಅವನ ಮುಂದಿನ ಹಲ್ಲುಗಳು ಸಡಿಲವಾದವು. ಊದಿದಾಗ ಹಲ್ಲು ಅಲುಗುತ್ತಿತ್ತು, ಹಲ್ಲಿನ ಜೊತೆ ಸ್ವರವೂ ಅಲುಗುತ್ತಿತ್ತು. ಇನ್ನು ನನ್ನ ಕತೆ ಮುಗಿಯಿತು ಎಂದುಕೊಂಡ. ಆದರೆ ಕೇಳಿದವರು ತಲೆದೂಗಿದರು. ಇಂಥ ನಡುಕ ಯಾವ ಘರಾಣೆಯಲ್ಲೂ ಇಲ್ಲ ಎಂದರು. ಅವನ ಶಿಷ್ಯರು ಹಗಲೆಲ್ಲ ಕೂತು ಅದನ್ನೇ ಸಾಧನೆ ಮಾಡಿದರು. ವಾದಕ ಬಾಯಿ ಮುಚ್ಚಿಕೊಂಡು ಶಾಲು ಹೊದಿಸಿಕೊಂಡ. ಮನೆಗೆ ಬಂದು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗಿದ. ಒಂದೇ ಒಂದು ಸ್ವರವನ್ನು ಅಲುಗದ ಹಾಗೆ ಹಿಡಿಯಲು ಅವನಿಂದ ಆಗುತ್ತಿರಲಿಲ್ಲ. ಅದು ಅವನೊಬ್ಬನಿಗೇ ಗೊತ್ತಿತ್ತು.

ಕೊನೆಗೆ ಹಲ್ಲಿನ ವೈದ್ಯೆಯೊಬ್ಬಳ ಬಳಿ ಹೋದ.

"ಹಲ್ಲು ಗಟ್ಟಿಯಾಗಿಯೇ ಇದೆ. ಅದನ್ನು ಹಿಡಿದುಕೊಂಡಿರುವ ಎಲುಬು, ವಸಡು ಸವೆದಿವೆ," ಎಂದಳು ಅವಳು. "ನಿಮ್ಮ ಕೊನೆಯ ದವಡೆಹಲ್ಲು ಕೆಲಸವಿಲ್ಲದೆ ಕೂತಿದೆ. ಅದನ್ನು ಕೀಳುತ್ತೇನೆ. ಅದರ ಬೇರಿಗೆ ಅಂಟಿದ ಆಕರಕೋಶಗಳನ್ನು, ಅಂದರೆ ಮತ್ತೆ ಬೆಳೆಯಬಲ್ಲ ಕೋಶಗಳನ್ನು, ಬೆಳೆಸಿ ಸವೆದ ಕಡೆ ಇಡುತ್ತೇನೆ. ಹಿಡಿತವನ್ನು ಅವೇ ಕಟ್ಟಬೇಕು. ಹೊಸ ವಿದ್ಯೆ, ಆಣೆ ಮಾಡಿ ಹೇಳಲಾರೆ."

"ಸರಿಹೋದರೆ ನನ್ನ ನಡುಕ?"

"ಹೋಗುತ್ತದೆ. ಹೀಗೇ ಬಿಟ್ಟರೆ ಹಲ್ಲೇ ಹೋಗುತ್ತದೆ. ಬೊಚ್ಚುಬಾಯಿಗೂ ಜನ ತಲೆದೂಗಬಹುದು, ಬಿಡಿ."

ವಾದಕನಿಗೆ ನಗು ಬಂತು. ಬಾಯಿ ತೆರೆದ.

ಆಮೇಲೆ ಎಷ್ಟೋ ತಿಂಗಳು ಅವನು ವಾದ್ಯ ಮುಟ್ಟಲಿಲ್ಲ. ದಿನಾ ಬೆಳಿಗ್ಗೆ ಎದ್ದವನೇ ನಾಲಿಗೆಯಿಂದ ಹಲ್ಲನ್ನು ತಳ್ಳಿ ನೋಡುತ್ತಿದ್ದ. ಒಂದು ದಿನ ಅದು ಅಲುಗಲಿಲ್ಲ. ಶಹನಾಯಿ ತೆಗೆದು ಷಡ್ಜ ಹಿಡಿದ. ಉಸಿರು ಮುಗಿಯುವವರೆಗೂ ಸ್ವರ ಇದ್ದಲ್ಲೇ ಇತ್ತು. ವಾದ್ಯವನ್ನು ಕೆಳಗಿಟ್ಟು, ಗೋಡೆಗೊರಗಿ, ತಲೆಹೊರೆ ಇಳಿಸಿದವನ ಹಾಗೆ ಕೂತ. ಆಮೇಲೆ ಹೆಂಡತಿಯನ್ನು ಕರೆದು, ಖಡಕ್ ರೊಟ್ಟಿ ಇದ್ದರೆ ಕೊಡು ಎಂದ. ಮುಂದಿನ ಹಲ್ಲಿನಿಂದಲೇ ಕಟುಂ ಎಂದು ಕಡಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಜನ ಏನೆಂದರು?" ಶಿಷ್ಯ ಕೇಳಿದ.

"ಮೊದಲಿನ ಸೊಗಸಿಲ್ಲ ಎಂದರು."

"ಮತ್ತೆ ಅವನ ಶಿಷ್ಯರು?"

"ಅವರ ಹಲ್ಲು ಮೊದಲಿನಿಂದಲೂ ಗಟ್ಟಿ, ಅವರು ಮಾತ್ರ ಇನ್ನೂ ಅಲುಗಾಡುತ್ತಲೇ ಇದ್ದಾರೆ."