ಬೇಳೆ ಬೇಯದ ಬಾವಿ

ನಮ್ಮಜ್ಜಿ ದೇವರಿಗೆ ದೀಪ ಹಚ್ಚಿ, ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಜಗಲಿಗೆ ಬಂದು ಕೂತಳೆಂದರೆ ನಮಗೆ ಕಥೆ ಬಂತೆಂದೇ ಲೆಕ್ಕ. ಆ ಮೊರದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅವಳು ಹೇಳಿದ ಹಾಗೇ ಹೇಳುತ್ತೇನೆ, ಕೇಳಿ.

ಬೆಟ್ಟದ ಆಚೆಗೊಂದು ಊರಂತೆ. ಊರಿಗೊಂದು ಹಳೇ ಬಾವಿಯಂತೆ. ಅಲ್ಲಿ ಮಾಕಮ್ಮ ಅಂತ ಒಬ್ಬಳು. ಯಾರು ಏನೇ ಅನ್ನಲಿ, ತನಗೆ ಸರಿ ಕಾಣದಿದ್ದರೆ ಎದುರಿಗೇ "ಅಲ್ಲ" ಅಂದುಬಿಡುವಳಂತೆ. ಗಂಡಸು ಹಾಗೆ ಎದುರಾಡಿದರೆ ಗಟ್ಟಿಗ ಅನ್ನುವ ಊರು, ಇವಳನ್ನು ಮಾತ್ರ ಗಯ್ಯಾಳಿ ಅನ್ನುತ್ತಿತ್ತು. ಗಂಡ ಚನ್ನಿಗಯ್ಯ ಮೆತ್ತನೆ ಮನುಷ್ಯ. ಅರಳಿಕಟ್ಟೆಯಲ್ಲಿ, "ಏನಪ್ಪಾ ಚನ್ನಿಗಯ್ಯ, ಇವತ್ತು ಎಷ್ಟು 'ಅಲ್ಲ' ಬಿತ್ತು?" ಅಂತ ಕೆಣಕಿದರೆ ನಕ್ಕು ಸುಮ್ಮನಾಗುವನಂತೆ.

ಹೀಗಿರುವಾಗ ಆ ಸೀಮೆಯ ರಾಜ ತನ್ನ ತಾಯಿಯ ಹೆಸರಿನಲ್ಲಿ ಈ ಊರಿನಲ್ಲಿ ಒಂದು ಹೊಸ ಬಾವಿ ತೋಡಿಸಿದನಂತೆ. ನೀರು ಬಿದ್ದ ಮೂರು ದಿನಕ್ಕೆ ತಾನೇ ಬಂದು ನಿಂತು, ಊರಿನ ಯಜಮಾನರಿಗೆಲ್ಲ ಬೊಗಸೆ ಬೊಗಸೆ ಹಾಕಿಸಿದ. ನಾಲಿಗೆಗೆ ಒಗರು ನೀರು.

"ಹೇಗಿದೆ?"

ಮೊದಲನೆಯವನು, "ಎಳನೀರು, ಬುದ್ಧಿ!"

ಎರಡನೆಯವನು, "ಕಬ್ಬಿನ ಹಾಲು, ಬುದ್ಧಿ!"

ಮೂರನೆಯವನು, "ಅಮೃತ, ಬುದ್ಧಿ!"

ರಾಜ ಹಿಗ್ಗಿಹೋದ. "ಹಾಗಿದ್ದರೆ ಆ ಹಳೇ ಬಾವಿ ಯಾಕೆ? ನಾಳೆ ಮುಚ್ಚಿಬಿಡಿ."

ಕಟ್ಟೆಯ ಮೇಲೆ ಹುಲಿಯ ಹಾಗೆ ಗುಡುಗುವ ಗಂಡಸರೆಲ್ಲ "ಅಪ್ಪಣೆ, ಬುದ್ಧಿ" ಅಂತ ತಲೆ ಬಗ್ಗಿಸಿದರು. ಹಿಂದೆ ಕೊಡ ಹಿಡಿದು ನಿಂತಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಮಾಕಮ್ಮ ಕೊಡ ಕೆಳಗಿಟ್ಟು ಮುಂದೆ ಬಂದಳು.

"ಅಲ್ಲ, ಬುದ್ಧಿ. ಇದು ಗಡಸು ನೀರು. ಮೂರು ದಿನದಿಂದ ನೋಡ್ತಾ ಇದೀನಿ, ಬೇಳೆ ಬೇಯಲ್ಲ. ಹಳೇ ಬಾವಿ ಮುಚ್ಚಿದರೆ ನಮ್ಮ ಮಕ್ಕಳು ಏನು ತಿನ್ನಬೇಕು?"

ರಾಜನ ಮುಖ ಕೆಂಪಾಯಿತು. "ಇಷ್ಟು ಜನ ಸಿಹಿ ಅಂದರು. ನೀನೊಬ್ಬಳು ಅಲ್ಲ ಅಂತೀಯಾ?"

"ಅವರು ಕುಡಿದು ಹೋಗೋರು ಬುದ್ಧಿ, ನಾನು ಬೇಯಿಸೋಳು."

"ಸರಿ, ಬೇಯಿಸು. ನಿನ್ನ ಮಾತು ಸುಳ್ಳಾದರೆ ಇವತ್ತೇ ಊರು ಬಿಡಬೇಕು."

ಅಲ್ಲೇ ಎರಡು ಒಲೆ ಹೂಡಿದರಂತೆ. ಒಂದು ಮಡಕೆಗೆ ಹಳೇ ಬಾವಿಯ ನೀರು, ಇನ್ನೊಂದಕ್ಕೆ ಹೊಸ ಬಾವಿಯ ನೀರು. ಎರಡಕ್ಕೂ ಒಂದೇ ಮೊರದ ಬೇಳೆ. ಸೌದೆ ತರಲು ಒಬ್ಬ ಗಂಡಸೂ ಅಲ್ಲಾಡಲಿಲ್ಲ. ಚನ್ನಿಗಯ್ಯ ಮಾತ್ರ ಎದ್ದು ಹೋಗಿ, ಒಂದು ಹೊರೆ ತಂದು ಹೆಂಡತಿಯ ಪಕ್ಕದಲ್ಲಿ ಇಳಿಸಿದನಂತೆ.

ಉರಿಸಿದರು, ಉರಿಸಿದರು. ಹಳೇ ಬಾವಿಯ ಬೇಳೆ ಬೆಂದು ಬೆಣ್ಣೆಯಾಯಿತು. ಹೊಸ ಬಾವಿಯದು ಕುದಿಯಿತು, ಕುದಿಯಿತು, ಕಾಳು ಕಾಳಾಗಿಯೇ ಉಳಿಯಿತು. ರಾಜ ಒಂದನ್ನು ತೆಗೆದು ಕಚ್ಚಿದ. ಕಟಕ್ ಅಂತು.

"ಏನ್ರಯ್ಯಾ, ಇದೇನಾ ನಿಮ್ಮ ಅಮೃತ?"

ಯಜಮಾನರು ಒಬ್ಬರ ಹಿಂದೊಬ್ಬರು ಸರಿದರು. ರಾಜ ಬಾಯಲ್ಲಿದ್ದ ಕಾಳು ಉಗಿದ. ಆಮೇಲೆ, "ಹಳೇ ಬಾವಿ ಹಾಗೇ ಇರಲಿ. ನನ್ನ ತಾಯಿಯ ಬಾವಿಯಲ್ಲಿ ದನಕರು ಕುಡಿದು ತಣ್ಣಗಿರಲಿ. ಇನ್ನು ಮೇಲೆ ಈ ಊರಿಗೆ ನನ್ನ ಅಪ್ಪಣೆ ಬಂದರೆ, ಮೊದಲು ಮಾಕಮ್ಮನನ್ನು ಕೇಳಿ" ಅಂದನಂತೆ. ಹಾಗೇ ಚನ್ನಿಗಯ್ಯನ ಕಡೆ ತಿರುಗಿ, "ಮನೆಯಲ್ಲೂ ಹೀಗೇ ಎದುರಾಡ್ತಾಳೇನಯ್ಯ?" ಅಂದ.

"ದಿನಾ, ಬುದ್ಧಿ. ಅದಕ್ಕೇ ನಮ್ಮನೆ ಬೇಳೆ ಬೆಂದಿರೋದು."

ರಾಜನೂ ನಕ್ಕನಂತೆ, ಮಾಕಮ್ಮನೂ ನಕ್ಕಳಂತೆ.

ಇಷ್ಟು ಹೇಳಿ ಅಜ್ಜಿ ಮೊರ ಎತ್ತಿಕೊಂಡು ಏಳುವಳು. ಒಳಗಿನಿಂದ ತಾತ, "ಸಾಕು ಬಾರೇ, ಹೊತ್ತಾಯ್ತು" ಅಂದರೆ, "ಅಲ್ಲ, ಇನ್ನೂ ಆಗಿಲ್ಲ" ಅಂತ ನಮ್ಮ ಕಡೆ ನೋಡಿ ಕಣ್ಣು ಮಿಟುಕಿಸುವಳು.

ಅವರ ಬಾವಿ ಬತ್ತದಿರಲಿ, ಕಥೆ ಕೇಳಿದ ನಿಮ್ಮ ಒಲೆ ಆರದಿರಲಿ.